ಒಂದೇ ಪಂಕ್ತಿ: ಕ್ರೈಸ್ತ ಸಭೆಯಲ್ಲಿ ಸಹೋದರ ಪ್ರೀತಿ



ವಿಶ್ವಾಸಿಗಳ ನಡುವಿನ ಸಹೋದರ ಪ್ರೀತಿಯ ಬಗ್ಗೆ ಮಾತಾಡಬೇಕೆಂದು ನೀವು ಕೇಳಿದಾಗ ನನ್ನ ಮನಸ್ಸು ನೇರವಾಗಿ ಊಟದ ಪಂಕ್ತಿಗೆ ಹೋಯಿತು. ಯಾರು ಯಾರ ಪಕ್ಕದಲ್ಲಿ ಕೂರುತ್ತಾರೆ, ಯಾರ ಮನೆಯ ನೀರು ಯಾರಿಗೆ ಆಗುತ್ತದೆ, ಮೊದಲ ಸಾಲಿನಲ್ಲಿ ಯಾರಿಗೆ ಎಲೆ ಹಾಕುತ್ತಾರೆ ಎಂಬುದರಲ್ಲಿ ಒಂದು ಸಮಾಜದ ಗುಟ್ಟೆಲ್ಲ ಇರುತ್ತದೆ ಎಂಬುದನ್ನು ಕನ್ನಡ ನಾಡಿನಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಲ್ಯಾಣದಲ್ಲಿ ಶರಣರು ಅನುಭಾವದ ಮಾತಾಡಿದಷ್ಟು ಕಾಲ ಹೇಗೋ ನಡೆದುಹೋಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಎಂದಾಗ ಊರು ಹೊತ್ತಿ ಉರಿಯಿತು. ಕ್ರೈಸ್ತ ಸಭೆಯ ಚರಿತ್ರೆ ಓದುತ್ತ ಬಂದ ಹಾಗೆ ನನಗೆ ಮತ್ತೆ ಮತ್ತೆ ಕಂಡದ್ದೂ ಇದೇ. ಸಹೋದರ ಪ್ರೀತಿಗೆ ದೊಡ್ಡ ಪೆಟ್ಟು ಬಿದ್ದದ್ದು ಪಂಕ್ತಿಯಲ್ಲಿ. ಅದು ಗೆದ್ದಾಗಲೂ ಗೆದ್ದದ್ದು ಅಲ್ಲಿಯೇ.

ಮೊದಲು ಒಂದು ಆಕ್ಷೇಪಣೆಗೆ ಉತ್ತರ ಕೊಡಬೇಕು. ಲೋಕವನ್ನೆಲ್ಲ ಪ್ರೀತಿಸಬೇಕಾದವರು ತಮ್ಮವರನ್ನು ತಾವು ಪ್ರೀತಿಸಿಕೊಂಡರೆ ಅದರಲ್ಲಿ ಹೆಚ್ಚೇನು ಬಂತು? ಈ ಪ್ರಶ್ನೆಯನ್ನು ಬೆಟ್ಟದ ಪ್ರಸಂಗದಲ್ಲಿ ಯೇಸುವೇ ಕೇಳಿದ್ದಾನೆ. ಹಾಗಿದ್ದರೂ ಅಪೊಸ್ತಲರ ಪತ್ರಗಳು ವಿಶ್ವಾಸದ ಮನೆತನದವರಿಗೆ ವಿಶೇಷವಾಗಿ ಒಳ್ಳೆಯದನ್ನು ಮಾಡಿರಿ ಎಂದು ಒತ್ತಿ ಹೇಳುತ್ತವೆ. ಎರಡಕ್ಕೂ ಹೊಂದಿಕೆ ಇಲ್ಲವೆಂದು ತೋರಬಹುದು. ಆದರೆ ಈ ಮನೆತನದವರು ಯಾರೆಂದು ನೋಡಿ. ಹನ್ನೆರಡು ಶಿಷ್ಯರಲ್ಲಿ ಸುಂಕದ ಕಟ್ಟೆಯಿಂದ ಎದ್ದುಬಂದ ಮತ್ತಾಯ ಒಬ್ಬ. ಮತಾಭಿಮಾನಿ ಎಂಬ ಬಿರುದು ಹೊತ್ತ ಸೀಮೋನ ಇನ್ನೊಬ್ಬ. ಊರಿನ ಸಂತೆಯಲ್ಲಿ ಎದುರಾದರೆ ಇವರಿಬ್ಬರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರೇನೋ. ಸಭೆಯಲ್ಲಿ ಸಿಗುವ ಸಹೋದರ ನಾನು ಆರಿಸಿಕೊಂಡವನಲ್ಲ, ನನ್ನ ಕುಲದವನಲ್ಲ, ಎಷ್ಟೋ ಸಲ ನನ್ನ ಭಾಷೆಯವನೂ ಅಲ್ಲ. ಹಾಗಾಗಿ ಇಲ್ಲಿ ತಮ್ಮವರನ್ನು ಪ್ರೀತಿಸುವುದೆಂದರೆ ನಿನ್ನೆಯವರೆಗೂ ಹೊರಗಿನವನಾಗಿದ್ದವನ ಪಕ್ಕದಲ್ಲಿ ಇಂದು ಕೂರುವುದು. ಇದನ್ನು ಮಾಡಲಾರದವನು ಲೋಕವನ್ನು ಪ್ರೀತಿಸುತ್ತೇನೆ ಎಂದರೆ ನನಗೆ ನಂಬಿಕೆ ಬರುವುದಿಲ್ಲ.

ಇನ್ನು ಅಂತಿಯೋಕ್ಯಕ್ಕೆ ಹೋಗೋಣ. ಇಂದಿನ ತುರ್ಕಿಯ ಅಂತಾಕ್ಯ. ಅಂದು ರೋಮ್ ಸಾಮ್ರಾಜ್ಯದ ಅತಿ ದೊಡ್ಡ ನಗರಗಳಲ್ಲಿ ಒಂದು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಈ ಊರಿನಲ್ಲಿ. ಯೆಹೂದ್ಯ ವಿಶ್ವಾಸಿಗಳೂ ಅನ್ಯಜನರಿಂದ ಬಂದ ವಿಶ್ವಾಸಿಗಳೂ ಅಲ್ಲಿ ಒಂದೇ ಸಭೆಯಾಗಿ ಕೂಡುತ್ತಿದ್ದರು. ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಕ್ಷಾಮ ಬಂದಾಗ ಈ ಸಭೆಯವರು ಒಬ್ಬೊಬ್ಬರೂ ಕೈಲಾದಷ್ಟು ಕೂಡಿಸಿ ಯೂದಾಯದ ಸಹೋದರರಿಗೆ ಕಳಿಸಿದರು. ಸಭೆಯ ಚರಿತ್ರೆಯಲ್ಲಿ ಒಂದು ಊರಿನವರು ದೂರದ ಇನ್ನೊಂದು ಊರಿನವರಿಗೆ ಸಹಾಯ ಕಳಿಸಿದ್ದು ನಮಗೆ ತಿಳಿದಂತೆ ಇದೇ ಮೊದಲು. ಅದನ್ನು ಒಯ್ದವರು ಇಬ್ಬರು: ಬಾರ್ನಬ ಮತ್ತು ಸೌಲ, ಅಂದರೆ ಪೌಲ.

ಈ ಬಾರ್ನಬನನ್ನು ಸ್ವಲ್ಪ ಹೊತ್ತು ನೋಡಬೇಕು. ಸೈಪ್ರಸ್ ದ್ವೀಪದ ಲೇವಿಯ. ಯೆರೂಸಲೇಮಿನಲ್ಲಿ ತನ್ನ ಹೊಲ ಮಾರಿ ಹಣವನ್ನು ಅಪೊಸ್ತಲರ ಪಾದದ ಬಳಿ ಇಟ್ಟವನು. ಹಿಂಸಕನಾಗಿದ್ದ ಸೌಲ ಮನ ತಿರುಗಿ ಬಂದಾಗ ಉಳಿದವರೆಲ್ಲ ಹೆದರಿ ದೂರ ನಿಂತರು. ಬಾರ್ನಬ ಅವನ ಕೈ ಹಿಡಿದು ಒಳಗೆ ಕರೆತಂದ. ಸಹೋದರ ಪ್ರೀತಿಗೆ ಮಾದರಿ ಯಾರೆಂದು ಕೇಳಿದರೆ ಹೊಸ ಒಡಂಬಡಿಕೆಯಲ್ಲಿ ನಾನು ಮೊದಲು ತೋರಿಸುವುದು ಇವನನ್ನೇ.

ಅದೇ ಅಂತಿಯೋಕ್ಯದಲ್ಲಿ ಪೇತ್ರನೂ ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದ. ಯೆರೂಸಲೇಮಿನಿಂದ, ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಕೆಲವರು ಬಂದರು. ಪೇತ್ರ ಮೆಲ್ಲಗೆ ಹಿಂದೆ ಸರಿದ, ಬೇರೆ ಕೂತ. ಉಳಿದ ಯೆಹೂದ್ಯರೂ ಸರಿದರು. ಬಾರ್ನಬನೂ ಎದ್ದ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಇದನ್ನು ಹೇಳುವಾಗ ಪೇತ್ರನ ಮೇಲೆ ಸಿಟ್ಟಿದೆ; ಬಾರ್ನಬನ ಹೆಸರು ಬಂದ ಕಡೆ ನನಗೆ ನೋವು ಕೇಳಿಸುತ್ತದೆ. ಹೊಲ ಮಾರಿ ಕೊಟ್ಟವನು, ಕ್ಷಾಮದ ಕಾಣಿಕೆ ಹೊತ್ತು ನಡೆದವನು, ಕಡೆಗೆ ಎಲೆಯ ಮುಂದಿನಿಂದ ಎದ್ದುಹೋದ. ಅವನಲ್ಲಿ ದ್ವೇಷವಿತ್ತು ಎಂದು ನಾನು ನಂಬುವುದಿಲ್ಲ. ಯಾರ ಮನಸ್ಸನ್ನೂ ನೋಯಿಸಬಾರದು ಎಂಬ ಸ್ವಭಾವದವನಿಗೆ ಹಿರಿಯರ ಊರಿನಿಂದ ಬಂದವರ ಮುಂದೆ ಮುಜುಗರವಾಗಿರಬೇಕು. ತಲೆತಲಾಂತರದಿಂದ ಬಂದ ಊಟದ ಆಚಾರದ ಭಾರವೂ ಅವನ ಮೇಲಿತ್ತು. ನಮ್ಮಲ್ಲಿ ಪಂಕ್ತಿಯಿಂದ ಎದ್ದುಹೋಗುವ ಒಳ್ಳೆಯ ಮನುಷ್ಯರೆಲ್ಲ ಇದೇ ಕಾರಣ ಹೇಳುತ್ತಾರೆ. ನನ್ನದೇನೂ ಅಭ್ಯಂತರವಿಲ್ಲ, ಮನೆಯಲ್ಲಿ ಹಿರಿಯರಿದ್ದಾರೆ ಎಂದು.

ಅಂತಿಯೋಕ್ಯದ ಘಟನೆಯಿಂದ ನಾನು ಕಲಿತದ್ದು ಇಷ್ಟು. ದೂರದ ಸಹೋದರನಿಗೆ ಹಣ ಕಳಿಸಿದ ಸಭೆಗೆ ಹತ್ತಿರದ ಸಹೋದರನ ಪಕ್ಕ ಕೂರುವುದು ಕಷ್ಟವಾಯಿತು. ಕೊಡುವಾಗ ಕೊಡುವವನ ಕೈ ಮೇಲಿರುತ್ತದೆ, ಅವನ ಮರ್ಯಾದೆಗೆ ಏನೂ ಆಗುವುದಿಲ್ಲ, ಹೆಚ್ಚೂ ಆಗಬಹುದು. ಜೊತೆಗೆ ಕೂತರೆ ಮರ್ಯಾದೆಯೇ ಪಣಕ್ಕೆ ಬೀಳುತ್ತದೆ. ಪೌಲ ಎಲ್ಲರೆದುರು ಪೇತ್ರನನ್ನು ಪ್ರಶ್ನಿಸಿದ್ದು ಅದಕ್ಕಾಗಿ. ಒಳಗೊಳಗೆ ಬಗೆಹರಿಸಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅವಮಾನ ಎಲ್ಲರೆದುರು ಆಗಿತ್ತು. ಮಾತೂ ಎಲ್ಲರೆದುರು ಆಗಬೇಕಿತ್ತು.

ಕೊರಿಂಥದ ಕತೆ ಇನ್ನೊಂದು ಬಗೆಯದು. ಅಲ್ಲಿ ತೊಡಕು ಬಂದದ್ದು ಉಳ್ಳವರಿಗೂ ಇಲ್ಲದವರಿಗೂ ನಡುವೆ. ಸಭೆ ಸೇರುತ್ತಿದ್ದದ್ದು ಅನುಕೂಲಸ್ಥರ ಮನೆಯಲ್ಲಿ. ರೋಮನ್ ಮನೆಯ ಊಟದ ಕೋಣೆಯಲ್ಲಿ ಮೂರು ಮಂಚಗಳ ಮೇಲೆ ಒರಗಿ ಉಣ್ಣಲು ಒಂಬತ್ತು ಜನಕ್ಕೆ ಜಾಗ, ಉಳಿದವರು ಅಂಗಳದಲ್ಲಿ. ಬಿಡುವಿದ್ದವರು ಮೊದಲೇ ಬಂದು ಉಂಡು ಕುಡಿದು ಮುಗಿಸುತ್ತಿದ್ದರು. ದಾಸರೂ ಕೂಲಿಯವರೂ ಕೆಲಸ ಬಿಟ್ಟು ಬರುವ ಹೊತ್ತಿಗೆ ಪಾತ್ರೆ ಬರಿದು. ಇದು ಕ್ರೈಸ್ತರು ತಂದ ಪದ್ಧತಿಯಲ್ಲ, ಆ ಕಾಲದ ಸಾಮಾನ್ಯ ರಿವಾಜು. ಕಿರಿಯ ಪ್ಲಿನಿ ಎಂಬ ರೋಮನ್ ಶ್ರೀಮಂತ ತನ್ನ ಪತ್ರವೊಂದರಲ್ಲಿ ತಾನು ಹೋಗಿದ್ದ ಔತಣದ ಬಗ್ಗೆ ಬರೆದಿದ್ದಾನೆ: ಯಜಮಾನನಿಗೂ ಆಪ್ತರಿಗೂ ಒಂದು ದ್ರಾಕ್ಷಾರಸ, ಕೆಳಗಿನ ಗೆಳೆಯರಿಗೆ ಇನ್ನೊಂದು, ಬಿಡುಗಡೆ ಪಡೆದ ದಾಸರಿಗೆ ಮತ್ತೊಂದು. ಪ್ಲಿನಿಗೆ ಅದು ಹೇಸಿಗೆ ಎನಿಸಿತ್ತು. ಇದೇ ಪ್ಲಿನಿ ಮುಂದೆ ಬಿಥೂನ್ಯದ ಅಧಿಪತಿಯಾಗಿ, ಸುಮಾರು 112ರಲ್ಲಿ, ಕ್ರೈಸ್ತರು ಕೂಡಿ ಏನು ಮಾಡುತ್ತಾರೆಂದು ತಿಳಿಯಲು ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿದ. ಅವರು ಕೂಡುವುದು ಸಾಧಾರಣವಾದ, ಯಾರಿಗೂ ಕೇಡಿಲ್ಲದ ಊಟಕ್ಕೆ ಎಂದು ಚಕ್ರವರ್ತಿಗೆ ವರದಿ ಬರೆದ. ಆ ಸೀಮೆಯ ಸಭೆಯಲ್ಲಿ ಸೇವಾ ಹುದ್ದೆ ದಾಸಿಯರಿಗೆ ಸಿಕ್ಕಿತ್ತು. ಕೊರಿಂಥದ ಅಂಗಳದಲ್ಲಿ ಹಸಿದು ಕೂತವರ ಕಾಲದಿಂದ ಅಲ್ಲಿಗೆ ಬರಲು ಅರುವತ್ತು ವರ್ಷ ಹಿಡಿದಿತ್ತು.

ಮದುವೆಗಳಲ್ಲಿ ಹೂವಿನ ಹಾರದ ನಡುವೆ ನಾವು ಓದಿಸುವ ಪ್ರೀತಿಯ ಅಧ್ಯಾಯವಿದೆಯಲ್ಲ, ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯದು, ಅದು ಈ ಊಟದ ಜಗಳದ ಬೆನ್ನಿಗೇ ಬಂದದ್ದು. 11ರಲ್ಲಿ ಪಂಕ್ತಿಭೇದ, 13ರಲ್ಲಿ ಪ್ರೀತಿ. ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಎಂದು ಕೇಳಿದ ಲೇಖನಿಯಿಂದಲೇ ಆ ಮಾತುಗಳು ಬಂದವು. ಅಲ್ಲಿ ಪೌಲ ಕೊಟ್ಟ ಅಪ್ಪಣೆ ತುಂಬ ಸಣ್ಣದು: ಒಬ್ಬರಿಗೊಬ್ಬರು ಕಾಯಬೇಕು. ಅಷ್ಟೇ. ಆದರೆ ಕೆಲಸ ಮುಗಿಸಿ ಬರುವ ದಾಸನಿಗಾಗಿ ಒಡೆಯ ಊಟ ಮುಟ್ಟದೆ ಕಾದು ಕೂರಬೇಕಾದರೆ ಮನೆಯ ಇಡೀ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಅಂತಿಯೋಕ್ಯವೂ ಕೊರಿಂಥವೂ ಒಂದೇ ಅಂಗಳದಲ್ಲಿ ಇದ್ದವು. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳದಲ್ಲಿ 19ನೇ ಶತಮಾನದಲ್ಲಿ ಕಟ್ಟಿದ ಕ್ಯಾಥೋಲಿಕ್ ದೇವಾಲಯಕ್ಕೆ ಎರಡು ತೋಳುಗಳು: ಒಂದು ಮೇಲು ಜಾತಿಯವರಿಗೆ, ಇನ್ನೊಂದು ಉಳಿದವರಿಗೆ. ಬಲಿಪೀಠ ಒಂದೇ; ಒಬ್ಬರಿಗೊಬ್ಬರು ಕಾಣಬಾರದೆಂದು ನಡುವೆ ಅಡ್ಡಗೋಡೆ. 1910ರ ಸುಮಾರಿಗೆ ಆ ಅಡ್ಡಗೋಡೆ ಕೆಡವಿದಾಗ ಕೆಲವರು ನ್ಯಾಯಾಲಯಕ್ಕೆ ಹೋದರು. ಮದರಾಸು ಹೈಕೋರ್ಟು ಅವರ ವಾದವನ್ನು ಒಪ್ಪಲಿಲ್ಲ. ಗೋಡೆ ಬಿದ್ದ ಮೇಲೂ ಅದು ತಮ್ಮ ಹಕ್ಕು ಎಂದು ಕೇಳಲು ಹೋದವರು ವಿಶ್ವಾಸಿಗಳೇ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಕನ್ನಡ ನಾಡಿನ ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಜಾತಿಯ ವಿಷಯದಲ್ಲಿ ಬಿಗಿಯಾಗಿ ನಿಂತಿತು. ಸಭೆಗೆ ಸೇರಿದವರು ಜಾತಿ ಬಿಡಬೇಕು, ಕೂಡಿ ಉಣ್ಣಬೇಕು. ಮಂಗಳೂರಿನಲ್ಲಿ 1844ರಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ಬಾಸೆಲಿಗೆ ಹೋಗಿ ಕಲಿತು 1851ರಲ್ಲಿ ಪಾದ್ರಿಯಾಗಿ ಮರಳಿದರು. ಮರಳಿದ ಮೇಲೆ, ಅಂದಿನ ದಾಖಲೆಗಳು ಹೊಲೆಯರೆಂದು ಹೆಸರಿಸುವ ಕೊಡಗಿನ ಜೀತದಾಳುಗಳ ನಡುವೆ ಕೆಲಸ ಮಾಡಿ ಆನಂದಪುರ ಎಂಬ ನೆಲೆಯನ್ನು ಕಟ್ಟಿದರು. ಆ ಕಾಲದ ಬ್ರಾಹ್ಮಣ ಮನೆಯಲ್ಲಿ ಬೆಳೆದವರು ಅವರ ನಡುವೆ ಹೋಗಿ ನೆಲೆ ಕಟ್ಟುವುದು ಏನೆಂದು ಇಲ್ಲಿ ಕೂತಿರುವ ಹಿರಿಯರಿಗೆ ಗೊತ್ತು. ಕನ್ನಡ ಕ್ರೈಸ್ತರು ಕಿಟ್ಟೆಲರನ್ನು ನೆನೆದಷ್ಟು ಕೌಂಡಿನ್ಯರನ್ನು ನೆನೆಯುವುದಿಲ್ಲ, ನೆನೆಯಬೇಕು.

ಜಾತಿಯಿಂದ ಹೊರಬಿದ್ದವನಿಗೆ ಬಾವಿಯ ನೀರು, ಗೇಣಿಯ ಹೊಲ, ಕುಲಕಸುಬು ಮೂರೂ ಒಟ್ಟಿಗೆ ತಪ್ಪುತ್ತಿದ್ದವು. ಅಂಥವರಿಗಾಗಿ ಮಿಷನ್ ಮುದ್ರಣಾಲಯ, ನೇಯ್ಗೆಯ ಕಾರ್ಖಾನೆ, 1865ರಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆ ತೆರೆಯಿತು. ಮಂಗಳೂರು ಹೆಂಚು ಹೊದಿಸಿದ ಮನೆಗಳ ಕೆಳಗೆ ಬೆಳೆದ ನಮ್ಮಲ್ಲಿ ಎಷ್ಟು ಜನರಿಗೆ ಅದರ ಹಿಂದೆ ಸಹೋದರರ ಹೊಟ್ಟೆಪಾಡಿನ ಚಿಂತೆ ಇತ್ತೆಂದು ತಿಳಿದಿದೆ? ಇದು ದೊಡ್ಡ ಪ್ರೀತಿ, ಮನಸಾರೆ ಹೇಳುತ್ತೇನೆ. ಆದರೂ ಕಾರ್ಖಾನೆಯಲ್ಲಿ ದೊರೆ ದೊರೆಯೇ, ಆಳು ಆಳೇ. ಭಾನುವಾರ ಸಹೋದರ, ಸೋಮವಾರ ಮೇಸ್ತ್ರಿಯ ಕೈಕೆಳಗಿನವನು. ಕೊಡುವವನ ಕೈ ಇನ್ನೂ ಮೇಲೆಯೇ ಇತ್ತು.

ಇದನ್ನು ಯುರೋಪಿನ ಎದುರು ಬಾಯಿಬಿಟ್ಟು ಹೇಳಿದವರು ವೇದನಾಯಗಂ ಸ್ಯಾಮುವೆಲ್ ಅಜರಯ್ಯ. 1874ರಲ್ಲಿ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ ಸಭಾಪಾಲಕರೊಬ್ಬರ ಮಗನಾಗಿ ಹುಟ್ಟಿದವರು, ನಾಡಾರ್ ಸಮುದಾಯದವರು. ಭಾರತೀಯರೇ ಹಣ ಕೂಡಿಸಿ, ಭಾರತೀಯರನ್ನೇ ಕಳಿಸುವ ಮಿಷನರಿ ಸಂಘವನ್ನು 1903ರಲ್ಲಿ ಕಟ್ಟಿದರು. ಆ ಸಂಘದ ಕೆಲಸಕ್ಕಾಗಿ ತಮ್ಮ ಊರು ಭಾಷೆ ಬಿಟ್ಟು ತೆಲುಗು ಸೀಮೆಯ ದೋರ್ನಕಲ್‌ಗೆ ಹೋದರು. 1910ರ ಜೂನಿನಲ್ಲಿ ಎಡಿನ್‌ಬರೋದಲ್ಲಿ ವಿಶ್ವ ಮಿಷನರಿ ಸಮ್ಮೇಳನ ನಡೆದಾಗ ಸುಮಾರು 1200 ಪ್ರತಿನಿಧಿಗಳಲ್ಲಿ ಏಷ್ಯಾದವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರು ಮೂವತ್ತೈದು ವರ್ಷದ ಅಜರಯ್ಯ.

ವಿದೇಶಿ ಮಿಷನರಿಗಳೂ ಭಾರತೀಯ ಸೇವಕರೂ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅವರಿಗೆ ಕೊಟ್ಟ ವಿಷಯ. ಅವರು ಸುತ್ತಿ ಬಳಸಲಿಲ್ಲ. ಇಬ್ಬರ ನಡುವೆ ಇರುವುದು ಯಜಮಾನ ಮತ್ತು ಆಳಿನ ಸಂಬಂಧ ಎಂದರು. ವರ್ಷಗಟ್ಟಲೆ ಒಟ್ಟಿಗೆ ದುಡಿದ ಭಾರತೀಯನನ್ನು ಒಮ್ಮೆಯೂ ಮನೆಗೆ ಊಟಕ್ಕೆ ಕರೆಯದ, ಅವನ ಮನೆಗೂ ಹೋಗದ ಮಿಷನರಿಗಳಿದ್ದಾರೆ ಎಂದರು. ಕಡೆಗೆ ಅವರು ಆಸರೆ ಹಿಡಿದದ್ದು ಕೊರಿಂಥದವರ ಆ 13ನೇ ಅಧ್ಯಾಯವನ್ನೇ. ನೀವು ನಿಮ್ಮ ಆಸ್ತಿಯನ್ನು ಬಡವರಿಗೆ ಕೊಟ್ಟಿದ್ದೀರಿ, ದೇಹವನ್ನೇ ಸುಡಲು ಒಪ್ಪಿಸಿದ್ದೀರಿ, ನಮ್ಮ ಮುಂದಿನ ತಲೆಮಾರುಗಳು ಅದಕ್ಕೆ ಕೃತಜ್ಞವಾಗಿರುತ್ತವೆ. ನಾವು ಕೇಳುವುದು ಗೆಳೆತನವನ್ನು ಎಂಬುದು ಅವರ ಮಾತಿನ ಭಾವ. ಸಭಿಕರಲ್ಲಿ ಕೆಲವರಿಗೆ ಸಿಟ್ಟು ಬಂತು. ತಮ್ಮ ಜೀವವನ್ನೇ ಒಪ್ಪಿಸಿದವರಿಗೆ, ಅಷ್ಟು ಸಾಲದು ಎಂದು ಕೇಳಿದರೆ ನೋವಾಗುವುದು ಸಹಜ. ಆದರೆ ಅಜರಯ್ಯನವರು ಕೇಳಿದ್ದು ಇನ್ನೂ ಹೆಚ್ಚಿನ ತ್ಯಾಗವನ್ನಲ್ಲ. ಒಂದು ಕುರ್ಚಿ, ಒಂದು ಬಟ್ಟಲು ಚಹಾ, ಒಂದು ಕೈಕುಲುಕು. ಬಾರ್ನಬನಿಗೆ ಕೊಡಲಾಗದೆ ಹೋದದ್ದೂ ಇಷ್ಟೇ ಅಲ್ಲವೇ?

1912ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅವರು ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ. ಎಡಿನ್‌ಬರೋದಲ್ಲಿ ಬಿಳಿಯರಿಗೆ ಹೇಳಿದ ಮಾತು ದೋರ್ನಕಲ್‌ನಲ್ಲಿ ಅವರದೇ ಸಭೆಗಳ ಮುಂದೆ ನಿಂತಿತು. ಅಲ್ಲಿ ಸಭೆಗೆ ಬಂದವರಲ್ಲಿ ಹೆಚ್ಚಿನವರು ಮಾಲ ಮತ್ತು ಮಾದಿಗ ಜನ. ಊರು ಇಬ್ಬರನ್ನೂ ಹೊರಗಿಟ್ಟಿತ್ತು, ಇಬ್ಬರೂ ಒಬ್ಬರನ್ನೊಬ್ಬರು ದೂರವಿಟ್ಟಿದ್ದರು. ಇವರನ್ನು ಒಂದೇ ಸಭೆಯಾಗಿ ಕೂರಿಸುವ ಶ್ರಮದಲ್ಲಿ ಅವರ ಆಯುಷ್ಯದ ಬಹುಪಾಲು ಹೋಯಿತು. ತುಳಿತಕ್ಕೆ ಸಿಕ್ಕವರಲ್ಲಿ ಸಹೋದರ ಪ್ರೀತಿ ತಾನಾಗಿ ಹುಟ್ಟುತ್ತದೆ ಎಂದುಕೊಳ್ಳುವವರು ಈ ಚರಿತ್ರೆಯನ್ನು ಓದಬೇಕು.

ಅದರ ಜೊತೆಗೆ ಪಂಗಡಗಳ ತೊಡಕು. ವಿದೇಶಿ ಮಿಷನ್‌ಗಳು ಸೀಮೆ ಹಂಚಿಕೊಂಡಿದ್ದವು. ನಮ್ಮಲ್ಲಿಯೇ ನೋಡಿ: ಕರಾವಳಿ ಮತ್ತು ಧಾರವಾಡದ ಕಡೆ ಬಾಸೆಲ್ ಮಿಷನ್, ಬಳ್ಳಾರಿಯಲ್ಲಿ ಲಂಡನ್ ಮಿಷನ್, ಮೈಸೂರು ಸೀಮೆಯಲ್ಲಿ ವೆಸ್ಲಿಯನ್ನರು, ಕೋಲಾರ ಬೀದರದಲ್ಲಿ ಅಮೆರಿಕದ ಮೆಥೊಡಿಸ್ಟರು. ಯುರೋಪಿನ ಯಾವುದೋ ಶತಮಾನದ ಜಗಳ ಇಲ್ಲಿ ಅಕ್ಕಪಕ್ಕದ ಹಳ್ಳಿಗಳ ಗಡಿಯಾಯಿತು. ಒಂದೇ ಮನೆತನದವರು ಕರ್ತನ ರಾತ್ರಿಭೋಜನಕ್ಕೆ ಬೇರೆ ಬೇರೆಯಾದರು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಅಜರಯ್ಯ ಮತ್ತು ಗೆಳೆಯರು ಕೂಡಿ, ಈ ಬೇರ್ಪಾಡುಗಳನ್ನು ನಾವು ಮಾಡಿಕೊಂಡವರಲ್ಲ, ಇವನ್ನು ಮುಂದುವರಿಸಲು ನಮಗೆ ಇಷ್ಟವೂ ಇಲ್ಲ ಎಂಬ ನಿಲುವಿನ ಹೇಳಿಕೆ ಹೊರಡಿಸಿದರು. ಮುಂದಿನ 28 ವರ್ಷ ಮಾತುಕತೆ. ಹೆಚ್ಚು ಎಳೆದಾಟ ನಡೆದ ಪ್ರಶ್ನೆ ಯಾರ ಕೈಯಿಂದ ಅಭಿಷೇಕ ಪಡೆದವನು ರಾತ್ರಿಭೋಜನ ನಡೆಸಬಹುದು, ಅವನ ಕೈಯಿಂದ ಯಾರು ಸ್ವೀಕರಿಸಬಹುದು ಎಂಬುದು. ಮತ್ತೆ ಪಂಕ್ತಿಯ ಪ್ರಶ್ನೆಯೇ.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಬಿಷಪರಿರುವ ಸಭೆಯೂ ಬಿಷಪರಿಲ್ಲದ ಸಭೆಗಳೂ ಹಾಗೆ ಒಂದಾದದ್ದು ಅದೇ ಮೊದಲು. ಅಜರಯ್ಯ ಅದನ್ನು ನೋಡಲಿಲ್ಲ. 1945ರ ಜನವರಿ 1ರಂದು ತೀರಿಕೊಂಡಿದ್ದರು. ಸಭೆ ಹುಟ್ಟಿದ ಮರುವರ್ಷ, 1948ರಲ್ಲಿ, ಲ್ಯಾಂಬೆತ್‌ನಲ್ಲಿ ಕೂಡಿದ ಆಂಗ್ಲಿಕನ್ ಬಿಷಪರು ಈ ಹೊಸ ಸಭೆಗೆ ಪೂರ್ಣ ಸಹಭಾಗಿತ್ವ ಕೊಡಲಿಲ್ಲ. ಯಾಕೋಬನ ಕಡೆಯವರು ಎಲ್ಲ ಕಾಲದಲ್ಲಿಯೂ ಬರುತ್ತಾರೆ.

ಇವತ್ತಿನ ಮಾತಿಗೆ ಬರುತ್ತೇನೆ. 2016ರಲ್ಲಿ ಭಾರತದ ಕ್ಯಾಥೋಲಿಕ್ ಬಿಷಪರ ಸಮ್ಮೇಳನ ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಿ, ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. ಒಪ್ಪಿಕೊಳ್ಳಲು ಧೈರ್ಯ ಬೇಕು. ನಮ್ಮ ಪ್ರೊಟೆಸ್ಟಂಟ್ ಸಭೆಗಳಲ್ಲಿಯೂ ಅಂಥ ಧೈರ್ಯ ಬರಲಿ. 1950ರ ರಾಷ್ಟ್ರಪತಿ ಆದೇಶದಂತೆ ದಲಿತ ಕ್ರೈಸ್ತನಿಗೆ ಪರಿಶಿಷ್ಟ ಜಾತಿಯ ಹಕ್ಕಿಲ್ಲ, ಅವನಿಗೆ ಜಾತಿ ಇಲ್ಲವೆಂದು ಸರ್ಕಾರದ ಲೆಕ್ಕ. ಹೆಣ್ಣು ಕೇಳಲು ಹೋದಾಗ ಅವನಿಗೆ ಜಾತಿ ಇದೆಯೆಂದು ಸಭೆಯ ಲೆಕ್ಕ. ಎರಡೂ ಕಡೆಯಿಂದ ಸೋತವನು ನಮ್ಮ ಪಕ್ಕದ ಬೆಂಚಿನಲ್ಲಿ ಕೂತಿದ್ದಾನೆ. ಕರಾವಳಿಯ ಕೊಂಕಣಿ ಕ್ಯಾಥೋಲಿಕ್ ಮನೆಗಳಲ್ಲಿ ಬಾಮೊಣ್, ಚಾರೊಡಿ ಎಂಬ ಹಳೆಯ ಗುರುತುಗಳು ಮದುವೆಯ ಮಾತುಕತೆಯಲ್ಲಿ ಇನ್ನೂ ಎದ್ದುಬರುತ್ತವೆ. ಬೆಂಗಳೂರಿನ ಸಭೆಗಳಲ್ಲಿ ಕನ್ನಡ ತಮಿಳು ಎಂಬ ವ್ಯಾಜ್ಯ ದಶಕಗಳಿಂದ ಇದೆ. ಕನ್ನಡದಲ್ಲಿ ಆರಾಧನೆ ಬೇಕೆಂಬುದು ನ್ಯಾಯವಾದ ಬೇಡಿಕೆ, ನಾನೂ ಅದರ ಪರ. ಪಕ್ಕದ ಭಾಷೆಯವನ ಮನೆಗೆ ಕ್ರಿಸ್ಮಸ್ಸಿಗೂ ಹೋಗದಿರುವುದಕ್ಕೆ ಆ ಬೇಡಿಕೆ ಕಾರಣವಾಗಬಾರದು. ಅದೇ ಬೆಂಗಳೂರಿನಲ್ಲಿ ನಾಗಾ, ಮಿಜೋ, ಕುಕಿ ತರುಣರು ಸಾವಿರಗಟ್ಟಲೆ ಇದ್ದಾರೆ. ಮಣಿಪುರದಲ್ಲಿ 2023ರಲ್ಲಿ ಹಿಂಸೆ ಎದ್ದಾಗ ನಮ್ಮ ಸಭೆಗಳು ಪ್ರಾರ್ಥಿಸಿದವು, ಕಾಣಿಕೆ ಎತ್ತಿದವು. ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆಗಿರುವ ಆ ಊರಿನ ಹುಡುಗಿಯ ಹೆಸರು ನಮಗೆ ತಿಳಿದಿದೆಯೇ?

ಅಂತಿಯೋಕ್ಯದ ಆ ದಿನದ ನಂತರ ಪೌಲ ಏನು ಮಾಡಿದ ಎಂಬುದನ್ನು ಹೇಳಿ ಮುಗಿಸುತ್ತೇನೆ. ಅವನು ಮಕೆದೋನ್ಯ, ಅಖಾಯಗಳ ಅನ್ಯಜನರ ಸಭೆಗಳಲ್ಲಿ ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಕಾಣಿಕೆ ಎತ್ತಿದ. ವಾರದ ಮೊದಲ ದಿನ ಒಬ್ಬೊಬ್ಬರೂ ತಮ್ಮ ಗಳಿಕೆಗೆ ತಕ್ಕಷ್ಟು ತೆಗೆದಿಡಬೇಕೆಂದು ಕೊರಿಂಥಕ್ಕೆ ಬರೆದ. ಹಣವನ್ನು ನಂಬಿಕಸ್ತನೊಬ್ಬನ ಕೈಯಲ್ಲಿ ಕಳಿಸಿ ಸುಮ್ಮನಾಗಬಹುದಿತ್ತು. ಹಾಗೆ ಮಾಡಲಿಲ್ಲ. ಅಪೊಸ್ತಲರ ಕೃತ್ಯಗಳಲ್ಲಿ ಲೂಕ ಆ ಹಣ ಎಷ್ಟಿತ್ತೆಂದು ಬರೆದಿಲ್ಲ. ಆ ಪ್ರಯಾಣದಲ್ಲಿ ಜೊತೆಗಿದ್ದ ಏಳು ಜನರ ಹೆಸರು ಬರೆದಿದ್ದಾನೆ. ಬೆರೋಯದ ಸೋಪತ್ರ, ಥೆಸಲೊನೀಕದ ಅರಿಸ್ತಾರ್ಕ ಮತ್ತು ಸೆಕುಂದ, ದೆರ್ಬೆಯ ಗಾಯ, ತಿಮೊಥೆಯ, ಏಷ್ಯ ಸೀಮೆಯ ತುಖಿಕ ಮತ್ತು ತ್ರೊಫಿಮ. ಯಾರ ಜೊತೆ ಉಣ್ಣಲು ಯೆರೂಸಲೇಮಿನವರು ಹಿಂಜರಿದಿದ್ದರೋ ಅಂಥವರನ್ನೇ ಅವರ ಬಾಗಿಲಿಗೆ ಕರೆದೊಯ್ದ. ಅದರ ಬೆಲೆಯನ್ನೂ ತೆತ್ತ: ಎಫೆಸದ ತ್ರೊಫಿಮನನ್ನು ದೇವಾಲಯದೊಳಗೆ ಕರೆತಂದಿದ್ದಾನೆಂಬ ಪುಕಾರಿನಿಂದಲೇ ಗಲಭೆ ಎದ್ದು ಪೌಲ ಸೆರೆಯಾದ.

ನಿಮ್ಮ ಸಭೆಯ ವಾರ್ಷಿಕ ಕಾಣಿಕೆ ಈ ಸಲ ದೂರದ ಯಾವುದಾದರೂ ಸಭೆಗೆ ಹೋಗುವುದಾದರೆ ಹಣ ಬ್ಯಾಂಕಿನ ಮೂಲಕ ಹೋಗಲಿ, ಅದರ ಜೊತೆಗೆ ಇಬ್ಬರು ರೈಲು ಹತ್ತಿ ಹೋಗಲಿ. ಹಿರಿಯರೇ ಹೋಗಬೇಕೆಂದಿಲ್ಲ, ಯುವಜನ ಸಂಘದವರು, ಸ್ತ್ರೀಯರ ಸಂಘದವರು ಹೋಗಲಿ. ಅಲ್ಲಿ ಎರಡು ದಿನ ಇದ್ದು ಅವರು ಬಡಿಸಿದ್ದನ್ನು ಉಣ್ಣಲಿ. ಅಲ್ಲಿಂದಲೂ ಇಬ್ಬರನ್ನು ನಿಮ್ಮ ಸುಗ್ಗಿ ಹಬ್ಬಕ್ಕೆ ಕರೆಯಿರಿ, ಲಾಡ್ಜಿನಲ್ಲಿ ಇಳಿಸದೆ ಮನೆಗಳಲ್ಲಿ ಇಳಿಸಿಕೊಳ್ಳಿ. ಯಾರ ಮನೆಯಲ್ಲಿ ಎಂದು ಹಿರಿಯರ ಸಮಿತಿ ಕೂತು ಪಟ್ಟಿ ಮಾಡುವಾಗ ಮೊದಲ ಹೆಸರು ಸಭಾಪಾಲಕರದ್ದಿರಲಿ, ಎರಡನೆಯದು ಖಜಾಂಚಿಯವರದ್ದು.